ಪುಟದ ಕೆಳಗಿನ ಹೆಬ್ಬೆಟ್ಟು

ಮೊನ್ನೆ ಸಂಜೆ ಕಚೇರಿ ಮುಗಿಸಿ ಬರುವಾಗ ಸಿಂಧನೂರು ಬಸ್ ನಿಲ್ದಾಣದ ಎದುರಿನ ಮಿರ್ಚಿ ಬಂಡಿಯ ಮುಂದೆ ನಿಂತಿದ್ದೆ. ಬಂಡಿಯವನು ಹಿಟ್ಟಿಗೆ ಹಾಕಲೆಂದು ಒಂದು ಚಿಟಿಕೆ ಅಜವಾನವನ್ನು, ಅದೇ ಓಂಕಾಳನ್ನು, ಅಂಗೈಯಲ್ಲಿಟ್ಟುಕೊಂಡು ತಿಕ್ಕಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಿರ್ಚಿಯೂ ಬೇಡ, ಮಂಡಕ್ಕಿಯೂ ಬೇಡ ಅನ್ನಿಸಿಬಿಟ್ಟಿತು. ಸುಮ್ಮನೆ ಮನೆಯ ಕಡೆ ನಡೆದೆ. "ಅಕ್ಕಾ, ಮಿರ್ಚಿ ಬಿಟ್ಟು ಹೊಂಟ್ರಲ್ರೀ!" ಎಂದು ಅವನು ಹಿಂದಿನಿಂದ ಕೂಗುತ್ತಲೇ ಇದ್ದ.

ನಮ್ಮ ಅಕ್ಕೋರ ಸೆರಗಿನ ತುದಿಯ ಗಂಟಿನಲ್ಲಿ ಯಾವಾಗಲೂ ಅಜವಾನ ಇರುತ್ತಿತ್ತು. ಲಿಂಗಸುಗೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಿಯಾದವರು ಅವರು. ಭಾನುವಾರ ಬೆಳಗಿನ ಬಸ್ಸು ಹಿಡಿದು ಸಿಂಧನೂರಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆಂದು ದಾರಿಯುದ್ದಕ್ಕೂ ಅಜವಾನ ಅಗಿಯುತ್ತಿದ್ದರು. ಮೆಟ್ಟಿಲ ಮೇಲೆ ಆ ವಾಸನೆ ಬಂತೆಂದರೆ ನಾವು ಹರಟೆ ನಿಲ್ಲಿಸಿ ಹಾಳೆ ತೆಗೆಯುತ್ತಿದ್ದೆವು.

ಅವರು ಬರುತ್ತಿದ್ದದ್ದು ನಮಗೆ ಬರೆಯುವುದನ್ನು ಕಲಿಸಲು. ಅಕ್ಷರವಲ್ಲ, ಕಥೆ ಬರೆಯುವುದನ್ನು. ವಾಚನಾಲಯದ ಮೇಲಿನ ಖಾಲಿ ಕೋಣೆಗೆ ಯಾರೋ 'ಬರವಣಿಗೆ ಕೇಂದ್ರ' ಎಂದು ಬೋರ್ಡು ಬರೆಸಿದ್ದರು. ಊರಿನವರ ಬಾಯಲ್ಲಿ ಮಾತ್ರ ಅದು 'ಬರಿಯೋ ಕ್ಲಾಸು'. ಕೆಳಗೆ ಅಕ್ಕಿ ಅಂಗಡಿಗಳ ಸಾಲು. ಕಿಟಕಿ ತೆರೆದರೆ ತೌಡಿನ ಧೂಳು ಹಾಳೆಯ ಮೇಲೆ ಕೂರುತ್ತಿತ್ತು. ಶನಿವಾರ ಲಿಂಗಸುಗೂರಿನಲ್ಲಿ ಒಂದು ಕ್ಲಾಸು, ಭಾನುವಾರ ಬೆಳಿಗ್ಗೆ ನಮ್ಮದು, ಮರಳಿ ಹೋಗುವಾಗ ಮಸ್ಕಿಯಲ್ಲಿ ಇಳಿದು ಮತ್ತೊಂದು. ಅರವತ್ತು ದಾಟಿದ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತೋ ದೇವರೇ ಬಲ್ಲ. ನಾವು ಹತ್ತು ಹನ್ನೆರಡು ಮಂದಿ ಇದ್ದೆವು. ನನ್ನಂಥ ಡಿಗ್ರಿ ಓದುವ ಹುಡುಗಿಯರು, ಔಷಧಿ ಅಂಗಡಿಯ ಒಬ್ಬರು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಸೈಕಲ್ ತುಳಿದು ಬರುತ್ತಿದ್ದ ಭತ್ತದ ರೈತ ಒಬ್ಬರು.

ಯಾರ ಬಗ್ಗೆ ಏನೇ ಬರೆದರೂ ಅಕ್ಕೋರದು ಒಂದೇ ಪ್ರಶ್ನೆ. "ಆಕಿ ಕಾಲಾಗ ಏನಿತ್ತು?" ಚಪ್ಪಲಿಯೇ, ಬರಿಗಾಲೇ, ಕಾಲುಂಗುರ ಸವೆದಿತ್ತೇ? ಗೊತ್ತಿಲ್ಲ ಎಂದರೆ ಹಾಳೆ ವಾಪಸ್. "ಕಾಲು ನೋಡಿಲ್ಲಂದ್ರ ಮನಿಷಾನ್ನ ಏನು ನೋಡಿದಿ?" ಎಂದು ಗದರುತ್ತಿದ್ದರು. ಈಗಲೂ ನಾನು ಹೊಸಬರನ್ನು ಕಂಡರೆ ಮೊದಲು ಕಾಲು ನೋಡುತ್ತೇನೆ. ಏನೋ ಬಿದ್ದದ್ದು ಹುಡುಕುತ್ತಿದ್ದೇನೆ ಅಂದುಕೊಳ್ಳುತ್ತಾರೆ, ಪಾಪ.

ಇನ್ನೊಂದು ನಿಯಮವಿತ್ತು. ಬದುಕಿರುವ ಮನುಷ್ಯರ ಬಗ್ಗೆ ಬರೆದರೆ ಮೊದಲು ಅವರ ಮುಂದೆ ಕೂತು ಪೂರ್ತಿ ಓದಿ ಹೇಳಬೇಕು. ಅವರು ಒಪ್ಪಿದರೆ ಪುಟದ ಕೆಳಗೆ ಸಹಿ. ಓದು ಬಾರದವರಾದರೆ ಹೆಬ್ಬೆಟ್ಟು. ಅದಿಲ್ಲದೆ ಆ ಹಾಳೆಯನ್ನು ಕ್ಲಾಸಿನಲ್ಲಿ ಯಾರೂ ಮುಟ್ಟುವಂತಿಲ್ಲ. ಇದಕ್ಕಾಗಿಯೇ ಅಕ್ಕೋರು ತಗಡಿನ ಡಬ್ಬಿಯ ಇಂಕ್ ಪ್ಯಾಡೊಂದನ್ನು ತಂದಿದ್ದರು. ಅದು ವಾರಕ್ಕೊಬ್ಬರ ಮನೆಗೆ ಪಾಳಿಯ ಮೇಲೆ ಹೋಗುತ್ತಿತ್ತು. "ಅವರ ಬಾಳೇವು ಅವರದು. ಕೇಳದ ತಗೊಂಡ್ರ ಅದು ಕಳವು" ಎನ್ನುತ್ತಿದ್ದರು.

ಇದರಿಂದ ಆದ ಫಜೀತಿ ಒಂದೆರಡಲ್ಲ. ಒಬ್ಬ ಹುಡುಗಿ ಪ್ಯಾಡು ಹಿಡಿದು ಅಜ್ಜನ ಮುಂದೆ ಕೂತರೆ, ಅಜ್ಜ "ಹೊಲ ಬರಸ್ಕೊಳ್ಳಾಕ ಬಂದಿಯೇನಬೇ, ನಿಮ್ಮಪ್ಪ ಕಳಿಸ್ಯಾನೇನು?" ಎಂದು ಕೋಲು ಎತ್ತಿದ್ದರಂತೆ. ಕ್ಯಾಂಪಿನ ರೈತ ತನ್ನ ತಾಯಿಯ ಬಗ್ಗೆ ಬರೆದ ಕನ್ನಡವನ್ನು ಆಕೆಗೆ ಬಂಗಾಳಿಯಲ್ಲಿ ಬಿಡಿಸಿ ಹೇಳಿ, ಬಂಗಾಳಿಯಲ್ಲೇ ಸಹಿ ಹಾಕಿಸಿ ತಂದಿದ್ದ. ಅಕ್ಕೋರು ಆ ಸಹಿಯನ್ನು ಓದಲಾಗದಿದ್ದರೂ ತುಂಬ ಹೊತ್ತು ನೋಡುತ್ತ ಕೂತಿದ್ದರು...

ಈಗ ನನ್ನ ಹಕೀಕತ್ತು ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ನನ್ನ ತವರು ಮಸ್ಕಿಯ ಹತ್ತಿರದ ಹಳ್ಳಿ. ಡಿಗ್ರಿಗೆಂದು ಸಿಂಧನೂರಿನಲ್ಲಿ ಚಿಗವ್ವನ, ಅಂದರೆ ನನ್ನ ಅವ್ವನ ತಂಗಿಯ ಮನೆಯಲ್ಲಿದ್ದೆ. ಚಿಗವ್ವ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡ ಗೋವಾದಲ್ಲಿ ಕೆಲಸಕ್ಕಿದ್ದಾನೆ ಎಂದು ಓಣಿಯವರೆಲ್ಲ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ತಿಂಗಳಿಗೊಮ್ಮೆ ಅವಳು ಹರಕೆ ಇದೆ ಎಂದು ಮುದಗಲ್‌ಗೆ ಹೋಗಿ ಬರುತ್ತಿದ್ದಳು. ಒಂದು ಸಲ ಜ್ವರ ಬಿಟ್ಟು ನಿಶ್ಶಕ್ತಳಾಗಿದ್ದಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು.

ಮುದಗಲ್‌ನಲ್ಲಿ ಇಳಿದವಳು ಯಾವ ಗುಡಿಗೂ ಹೋಗಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಎದುರಿಗೆ ಹಸಿರು ಬಣ್ಣದ ಬಾಗಿಲಿನ ಒಂದು ಟೇಲರ್ ಅಂಗಡಿ. ಒಳಗೆ ಒಬ್ಬ ಮನುಷ್ಯ ಮಿಷನ್ ತುಳಿಯುತ್ತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಗುಂಡಿ ಹಚ್ಚುತ್ತಿದ್ದಳು. ಚಿಗವ್ವ ಒಂದು ತಾಸು ನೋಡಿದಳು. "ಸೊರಗ್ಯಾನ" ಅಂದಳು. ಇನ್ನೊಂದಿಷ್ಟು ಹೊತ್ತು ಬಿಟ್ಟು, "ಯಾರ ಮುಂದನೂ ಬಾಯಿ ಬಿಡಬ್ಯಾಡ" ಅಂದಳು. ಬಂದ ಬಸ್ಸಿಗೇ ವಾಪಸ್ ಹತ್ತಿದೆವು. ಆಗ ನೋಡಿದೆ, ಅವಳ ಕಾಲಲ್ಲಿ ನಾನು ಹಿಂದೆ ಎಂದೂ ನೋಡಿರದ ಕೆಂಪು ಪಟ್ಟಿಯ ಹೊಸ ಚಪ್ಪಲಿಗಳಿದ್ದವು. ಮನೆಗೆ ಬಂದವಳೇ ಅವನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಅಲ್ಲಿಗೆ ಹೋಗುವಾಗ ಮಾತ್ರ ಹಾಕುವ ಚಪ್ಪಲಿ ಅವು.

ಇದನ್ನು ಬರೆಯದೆ ಇರುವುದು ಹೇಗೆ, ಹೇಳಿ! ಇಪ್ಪತ್ತರ ವಯಸ್ಸು, ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯಬೇಕೆಂಬ ಹುರುಪು. ಒಂದೇ ಕೂತಿನಲ್ಲಿ ನಾಲ್ಕು ಪುಟ ಬರೆದೆ. ಹೆಸರು ಹಾಕಲಿಲ್ಲ, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಆ ವಾರ ಇಂಕ್ ಪ್ಯಾಡಿನ ಪಾಳಿಯೂ ನನ್ನದೇ. ಚಿಗವ್ವನ ಮುಂದೆ ಓದುವುದು ಕನಸಿನ ಮಾತು. ಓದಿದ್ದರೆ ಅಂದೇ ನನ್ನ ಗಂಟುಮೂಟೆ ಹೊರಗೆ ಬೀಳುತ್ತಿತ್ತು. ಭಾನುವಾರ ಬೆಳಿಗ್ಗೆ ಬಚ್ಚಲಿಗೆ ಹೋಗಿ, ಅಗಳಿ ಹಾಕಿಕೊಂಡು, ನನ್ನದೇ ಎಡಗೈ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ ಹಾಳೆಯ ಕೆಳಗೆ ಒತ್ತಿದೆ. ಆಮೇಲೆ ಬೂದಿ ಹಾಕಿ ಕಲ್ಲಿನಿಂದ ತಿಕ್ಕಿದೆ. ನೇರಳೆ ಬಣ್ಣ ಪೂರ್ತಿ ಹೋಗಲಿಲ್ಲ.

ಅಕ್ಕೋರು ನಾಲ್ಕೂ ಪುಟ ಓದಿದರು. ಕನ್ನಡಕ ತೆಗೆದರು. ಚಪ್ಪಲಿಯ ಸಾಲನ್ನು ಮತ್ತೊಮ್ಮೆ ಓದಿದರು.

"ಪೂರಾ ಓದಿ ಹೇಳಿದಿಯೇನು ಆಕಿಗೆ?"

"ಹೇಳೀನ್ರಿ."

"ಏನಂದ್ಳು?"

"ಅತ್ಳುರೀ. ಆಮ್ಯಾಲೆ ಒತ್ತಿದ್ಳು."

ಥೂ ನನ್ನ ಜನ್ಮಕ್ಕೆ! ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ನಾನೇನಾ ಎಂದು ಇಂದಿಗೂ ಆಶ್ಚರ್ಯವಾಗುತ್ತದೆ. ಅಕ್ಕೋರ ಕಣ್ಣು ತುಂಬಿತ್ತು. ಮಸ್ಕಿಯ ಕ್ಲಾಸಿನಲ್ಲಿಯೂ ಓದಿ ತೋರಿಸಲೇ ಎಂದು ಕೇಳಿದರು. ನಾನು ಉಬ್ಬಿಹೋಗಿ ಹೂಂ ಅಂದೆ.

ಮಸ್ಕಿಯ ಕ್ಲಾಸಿನಲ್ಲಿ ಮುದಗಲ್ ಕಡೆಯ ಒಬ್ಬರು ಕೂತಿದ್ದಾರೆಂದು ನನಗೇನು ಗೊತ್ತು, ಅಕ್ಕೋರಿಗೇನು ಗೊತ್ತು? ಹಸಿರು ಬಾಗಿಲು ಎಂದ ಕೂಡಲೇ ಅವರಿಗೆ ಅಂಗಡಿ ತಿಳಿದಿದೆ. ಅಲ್ಲಿಂದ ಟೇಲರನ ಕಿವಿಗೆ, ಅವನ ಬೀಗರ ಕಿವಿಗೆ, ಬಸ್ಸು ಹತ್ತಿ ನಮ್ಮ ಓಣಿಗೆ. ಹದಿನೈದು ದಿನವೂ ಬೇಕಾಗಲಿಲ್ಲ. ಒಂದು ಬೆಳಿಗ್ಗೆ ನಳದ ಹತ್ತಿರ ಒಬ್ಬಾಕೆ ಎಲ್ಲರ ಎದುರಿಗೇ, "ಏನಬೇ, ನಿನ್ನ ಗಂಡ ಗೋವಾದಿಂದ ಮುದಗಲ್ಲಿಗೆ ಯಾವಾಗ ಬಂದ? ಅಂಗಿ ಚಲೋ ಹೊಲಿತಾನಂತಲ್ಲ!" ಅಂದಳಂತೆ. ಚಿಗವ್ವ ಖಾಲಿ ಕೊಡದೊಂದಿಗೆ ಮನೆಗೆ ಬಂದಳು. "ನೀ ಯಾರ ಮುಂದರ ಅಂದೇನು?" ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ.

ಸುದ್ದಿ ಹೇಗೋ ಅಕ್ಕೋರಿಗೂ ಮುಟ್ಟಿತು. ಮುಂದಿನ ಭಾನುವಾರ ಅವರು ಕ್ಲಾಸಿಗೆ ಹೋಗದೆ ನೇರವಾಗಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಆ ನಾಲ್ಕು ಹಾಳೆಗಳು. ಬಾಗಿಲಲ್ಲಿ ಚಿಗವ್ವ, ಅವಳ ಹಿಂದೆ ನಾನು.

"ತಾಯಿ, ಮಸ್ಕಿಯೊಳಗ ಇದನ್ನ ಓದಿದಾಕಿ ನಾನ. ಇಷ್ಟು ದೊಡ್ಡದಾಗತೈತಂತ ತಿಳೀಲಿಲ್ಲ. ಕೆಳಗಿನ ಈ ಹೆಬ್ಬೆಟ್ಟು ನಿಮ್ಮ..."

"ಹೆಬ್ಬೆಟ್ಟು?" ಚಿಗವ್ವನ ದನಿ ಏರಿತು. "ನಾ ಯಾಕ ಹೆಬ್ಬೆಟ್ಟು ಒತ್ತಲಿ? ನಾಕನೇ ಇಯತ್ತೆ ತನಕ ಓದೀನಿ. ಪಗಾರಕ್ಕ ಸುದ್ದ ಸಹಿ ಮಾಡ್ತೀನಿ. ಯಾರು ಬರದದ್ದಿದು? ಹೇಳ್ರಿ!"

ಚಿಗವ್ವನಿಗೆ ಸಹಿ ಬರುತ್ತದೆಂದು ನನಗೆ ಗೊತ್ತಿತ್ತು. ಆದರೆ ಅವಳಂತೆ ಸಹಿ ಹಾಕುವುದು ಕಷ್ಟ, ಹೆಬ್ಬೆಟ್ಟಾದರೆ ಯಾರದೆಂದು ಕಣ್ಣಿಗೆ ಗೊತ್ತಾಗದು ಎಂದು ನಾನು ಲೆಕ್ಕ ಹಾಕಿದ್ದೆ. ಅಕ್ಕೋರು ನನ್ನ ಮುಖ ನೋಡಿದರು. ನಾನು ಎಡಗೈಯನ್ನು ದಾವಣಿಯಲ್ಲಿ ಮುಚ್ಚಿಕೊಂಡೆ. ಅವರಿಗೆ ಅಷ್ಟು ಸಾಕಾಯಿತು.

"ನಾನ ಬರದೀನ್ರಿ," ಅಂದರು ಅಕ್ಕೋರು. "ಮುದಗಲ್ ಬಸ್ ಸ್ಟ್ಯಾಂಡಿನ್ಯಾಗ ನಿಮ್ಮನ್ನ ನೋಡಿದ್ದೆ. ಹೆಬ್ಬೆಟ್ಟೂ ನಂದ."

ಒಂದು ಮಾತು ಆಡಿದ್ದರೆ ಸಾಕಿತ್ತು. ಪರೀಕ್ಷೆಗೆ ಎರಡು ತಿಂಗಳಿತ್ತು, ಆ ಮನೆ ಬಿಟ್ಟರೆ ಓದು ಬಿಟ್ಟಂತೆ, ಹಳ್ಳಿಗೆ ಹೋದರೆ ಮದುವೆ... ಬಾಯಿ ಹೊಲಿದುಕೊಂಡವಳಂತೆ ನಿಂತೆ. ಚಿಗವ್ವ ಅಕ್ಕೋರ ಮುಖಕ್ಕೇ, "ಮಕ್ಕಳಿಗೆ ವಿದ್ಯೆ ಕಲಿಸಾಕಿ ನೀನು? ಮಂದಿ ಮನಿ ಮುರಿಯಾಕಿ! ನನ್ನ ಹೊಸ್ತಲಾ ತುಳೀಬ್ಯಾಡ" ಎಂದು ಬಾಗಿಲು ಹಾಕಿದಳು.

ಹಿತ್ತಲಿನಿಂದ ಓಡಿ ಓಣಿಯ ತಿರುವಿನಲ್ಲಿ ಅವರನ್ನು ಹಿಡಿದೆ. ಅಳುತ್ತಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀ ಚಲೋ ಬರದಿದ್ದಿ. ಅದಕ್ಕ ನಾ ನಂಬಿದೆ," ಅಂದರು. ಹಾಳೆಗಳನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು, "ಪರೀಕ್ಷಾ ಮುಗೀಲಿ. ಆಮ್ಯಾಲೆ ನೀನ ಆಕಿಗೆ ಹೇಳು. ಆಕಿ ಯಾರನ್ನ ಬೈಯಬೇಕು ಅನ್ನೋದರ ಆಕಿಗೆ ಗೊತ್ತಿರಬೇಕಲ್ಲ" ಅಂದರು.

ಕ್ಲಾಸು ಆ ತಿಂಗಳೇ ನಿಂತಿತು. ಅಕ್ಕೋರೇ ಖೊಟ್ಟಿ ಹೆಬ್ಬೆಟ್ಟು ಒತ್ತುತ್ತಾರಂತೆ, ಮನೆಯ ಮಾತು ಬೀದಿಗೆ ತರುತ್ತಾರಂತೆ ಎಂದು ಊರೆಲ್ಲ ಆಡಿಕೊಂಡಿತು. ಹುಡುಗಿಯರನ್ನು ಕಳಿಸಲು ಯಾರೂ ಒಪ್ಪಲಿಲ್ಲ. ಕೋಣೆಯ ಕೀಲಿಯನ್ನು ವಾಚನಾಲಯದವರು ವಾಪಸ್ ಇಸಿದುಕೊಂಡರು. ಮಸ್ಕಿಯದೂ ನಿಂತಿತು. ತಮ್ಮ ಊರಿನ ಕ್ಲಾಸನ್ನು ಅಕ್ಕೋರು ಇನ್ನೊಂದಿಷ್ಟು ದಿನ ನಡೆಸಿದರಂತೆ, ಬರುವವರಿಲ್ಲದೆ ಅದೂ ಮುಗಿಯಿತು. ಇತ್ತ ಚಿಗವ್ವ ಮುದಗಲ್‌ಗೆ ಹೋಗುವುದನ್ನು ಬಿಟ್ಟಳು. ತಿಂಗಳಿಗೆ ಒಂದು ತಾಸು ಅವಳಿಗೆಂದು ಇತ್ತು, ಅದನ್ನೂ ನಾನು ಕಸಿದುಕೊಂಡೆ. ಚಪ್ಪಲಿ ಟ್ರಂಕಿನಲ್ಲೇ ಒಣಗಿ ಬಿರುಕು ಬಿಟ್ಟವು.

ಪರೀಕ್ಷೆ ಮುಗಿಯಿತು. ನಾನು ಹೇಳಲಿಲ್ಲ. ನೌಕರಿ ಸಿಗಲಿ ಎಂದುಕೊಂಡೆ, ಸಿಕ್ಕಿತು, ಹೇಳಲಿಲ್ಲ. ಮದುವೆಯಾಯಿತು. ಅದು ಮುರಿದೂ ಬಿತ್ತು. ಆಗ ನನ್ನ ಬೆನ್ನಿಗೆ ನಿಂತವಳು ಚಿಗವ್ವನೇ. ಇಂಥವಳಿಗೆ ಹೇಗೆ ಹೇಳಲಿ ಎಂಬುದು ಹೊಸ ನೆಪವಾಯಿತು. ಈ ನಡುವೆ ನನ್ನ ಕಥೆಗಳು ಅಲ್ಲಲ್ಲಿ ಅಚ್ಚಾದವು, ಎರಡು ಪುಸ್ತಕವೂ ಬಂದವು. ಸಭೆಗಳಲ್ಲಿ ಶಾಲು ಹೊದಿಸುವಾಗ, ನಿಮಗೆ ಬರೆಯಲು ಕಲಿಸಿದವರು ಯಾರು ಎಂದು ಕೇಳುತ್ತಿದ್ದರು. ನಾನೇ ಕಲಿತೆ ಎನ್ನುತ್ತಿದ್ದೆ. ಅಕ್ಕೋರ ವಿಷಯ ತೆಗೆದರೆ ಉಳಿದದ್ದೂ ಹೊರಬಂದೀತೆಂಬ ಅಂಜಿಕೆ.

ಒಮ್ಮೆ ಕಚೇರಿಯ ಕೆಲಸಕ್ಕೆ ಲಿಂಗಸುಗೂರಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಬಹಳ ಇಳಿದುಹೋಗಿದ್ದರು. ನನ್ನ ಪುಸ್ತಕಗಳನ್ನು ಓದಿದ್ದರು. "ಎಲ್ಲಾರ ಕಾಲೂ ಕಾಣತಾವು" ಎಂದು ನಕ್ಕರು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ ಕೇಳಿದರು.

"ಹೇಳಿದಿಯೇನು ಆಕಿಗೆ?"

ಹೇಳಿಲ್ಲ ಎನ್ನಲು ಬಾಯಿ ತೆರೆದೆ. ಹೊರಬಿದ್ದದ್ದು, "ಹೂಂರೀ, ಹೇಳೀನಿ."

ಅವರ ಮುಖ ಅರಳಿತು. "ಬಾಳ ಚಲೋ ಆತು ನೋಡು," ಅಂದರು. ಎರಡು ಸಲ ಅಂದರು. ನಾನು ಚಹ ಅರ್ಧಕ್ಕೇ ಬಿಟ್ಟು ಎದ್ದೆ. ಆ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಫೋನಿನಲ್ಲಿ ಯಾರೋ ಕಳಿಸಿದ ಹೂವಿನ ಹಾರದ ಫೋಟೋ ನೋಡಿ ನನಗೆ ಗೊತ್ತಾಯಿತು. ನಾಳೆ ಹೋದರಾಯಿತು ಎಂದುಕೊಂಡು ಮಣ್ಣಿಗೂ ಹೋಗಲಿಲ್ಲ...

ಹೋದ ತಿಂಗಳು ವಾಚನಾಲಯದವರು ಬಂದು, ಭಾನುವಾರದ ಬರವಣಿಗೆ ಕ್ಲಾಸು ಮತ್ತೆ ಶುರು ಮಾಡುತ್ತೇವೆ, ನೀವೇ ಕಲಿಸಬೇಕು ಅಂದರು. ಒಪ್ಪಿಕೊಂಡೆ. ಅದೇ ಕೋಣೆ, ಅದೇ ಕಿಟಕಿ. ಮೊದಲ ದಿನವೇ ಅಕ್ಕೋರ ನಿಯಮ ಹೇಳಿದೆ. ಯಾರ ಬಗ್ಗೆ ಬರೆಯುತ್ತೀರೋ ಅವರಿಗೆ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ತನ್ನಿ ಎಂದೆ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿ, "ಮೇಡಂ, ನೀವು ಮೊದ್ಲ ಯಾರ್ದು ತಂದಿದ್ರಿ?" ಎಂದು ಕೇಳಿದಳು. ಅವಳ ಮಾತಿನಲ್ಲಿ ಚೇಷ್ಟೆಯೇನೂ ಇರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ಏನೋ ಬರೆಯತೊಡಗಿದೆ. ಮೊನ್ನೆಯ ಅಜವಾನದ ಘಾಟು ಅದಾದ ಮರುದಿನದ್ದು. ಅಂದು ಮನೆಗೆ ಬಂದು ಇಲ್ಲಿಯವರೆಗಿನದನ್ನು ಬರೆದೆ.

ನಿನ್ನೆ ಬೆಳಿಗ್ಗೆ ಚಿಗವ್ವ ತಿಂಡಿ ತಿಂದು ಕೂತಿದ್ದಾಗ ಅವಳ ಮುಂದೆ ಕೂತು ಇದಿಷ್ಟನ್ನೂ ಓದಿದೆ. ಅವಳೀಗ ನನ್ನ ಜೊತೆಯಲ್ಲೇ ಇದ್ದಾಳೆ. ಕಣ್ಣು ಮಂದ, ಕಿವಿ ಚುರುಕು. ಮುಗಿದ ಮೇಲೆ ಅವಳು ಕಪಾಳಕ್ಕೆ ಹೊಡೆಯಲಿ ಎಂದು ಕಾದೆ. ಖರೇ ಹೇಳುತ್ತೇನೆ, ಹೊಡೆದರೆ ಹಗುರಾಗುತ್ತೇನೆ ಎಂದೂ ಆಸೆಪಟ್ಟಿದ್ದೆ.

ಅವಳು ಹೊಡೆಯಲಿಲ್ಲ. "ಆಕಿ ಬಂದಿದ್ಲು" ಅಂದಳು.

"ಯಾರು?"

"ನಿಮ್ಮ ಅಕ್ಕೋರು. ಸಾಯೋ ವರ್ಷದ ಬ್ಯಾಸಗಿ. ನೀ ಆಫೀಸಿಗೆ ಹೋಗಿದ್ದಿ. ಮಟಮಟ ಮಧ್ಯಾನ, ಆಟೋದಾಗ ಬಂದು ಕಟ್ಟಿ ಮ್ಯಾಲೆ ಕುಂತ್ಲು. ನಗಾಕತ್ತಿದ್ಲು. 'ಈಗರ ಸಿಟ್ಟು ಇಳೀತೇನ್ರಿ ತಾಯಿ?' ಅಂದ್ಲು. ನನಗ ಮೈಯೆಲ್ಲಾ ಉರದ್ಹೋತು. ಮಾಡೋದು ಮಾಡಿ ನಗಾಕತ್ಯಾಳಲ್ಲ ಅಂತ..."

ಚಿಗವ್ವ ಬಾಗಿಲಿನ ಕಡೆ ತಿರುಗಿದಳು.

"ಜರಾ ನೀರು ಕೊಡ್ರಿ ಅಂದ್ಲು. ನಾ ಕೊಡಲಿಲ್ಲ. ಬಾಗಲಾ ಹಾಕ್ಕೊಂಡೆ. ಕಿಟಕ್ಯಾಗ ನೋಡಿದ್ರ ಇನ್ನೂ ಕುಂತಿದ್ಲು. ಸೆರಗಿನ್ಯಾಗ ಮಾರಿ ವರಿಸ್ಕೊಂತ, ಆಮ್ಯಾಲೆ ಗ್ವಾಡಿ ಹಿಡಕೊಂಡು ಎದ್ದು ಹೋದ್ಲು."

ನಾನು ಹೇಳಿದ್ದೇನೆಂದು ನಂಬಿಯೇ ಅಕ್ಕೋರು ಅಷ್ಟು ದೂರ ಬಂದಿದ್ದರು. ಚಿಗವ್ವನಿಗೆ ಎಲ್ಲ ತಿಳಿದಿದೆ, ಇನ್ನು ಆ ಮನೆಯ ಬಾಗಿಲು ತನಗೆ ತೆರೆದಿದೆ ಎಂದುಕೊಂಡು ನಗುತ್ತ ಬಂದಿದ್ದರು. ಬಾಗಿಲು ಮತ್ತೆ ಮುಚ್ಚಿದಾಗ ಅವರಿಗೆ ನನ್ನ ಸುಳ್ಳು ಗೊತ್ತಾಗಿರಬೇಕು. ಆಗಲೂ ಚಿಗವ್ವನಿಗೆ ನನ್ನ ಹೆಸರು ಹೇಳದೆ ಎದ್ದು ಹೋಗಿದ್ದರು.

"ಮೊದ್ಲ ಹೇಳಿದ್ರ ನೀರು ಕೊಡತಿದ್ನಲ್ಲಬೇ," ಅಂದಳು ಚಿಗವ್ವ. ಸಿಟ್ಟಿನಿಂದಲ್ಲ. ಅವಳು ಅಳುತ್ತಿದ್ದಳು. ಮುದಗಲ್‌ನ ಬೆಂಚಿನ ಮೇಲೆ ಕೂತಾಗಲೂ, ಊರು ನಕ್ಕಾಗಲೂ ನನ್ನೆದುರು ಅಳದಿದ್ದ ಹೆಂಗಸು.

ನಾನು ಹಾಳೆಗಳನ್ನು ಎತ್ತಿಡಲು ಹೋದೆ. ಅವಳು ಕೈ ಅಡ್ಡ ಇಟ್ಟಳು.

"ಪೆನ್ನು ತಗೋ. ನಾ ನೀರು ಕೊಡಲಿಲ್ಲ ಅನ್ನೋದನ್ನೂ ಬರಿ. ಮುಚ್ಚಿಡಬ್ಯಾಡ."

ಅವಳ ಎದುರಿಗೇ ಕೂತು ಬರೆದೆ, ಓದಿ ಹೇಳಿದೆ. ಚಿಗವ್ವ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಕೆಳಗೆ ಸಹಿ ಮಾಡಿದಳು. ಅಕ್ಕೋರಿಗೆ ಓದಿ ಹೇಳಲು ನನಗಿನ್ನು ದಾರಿಯಿಲ್ಲ. ಅವರನ್ನು ಕೇಳದೆಯೇ ಇದನ್ನು ಅಚ್ಚಿಗೆ ಕಳಿಸುತ್ತಿದ್ದೇನೆ.